ಲಂಟಾನ

ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಮುಳ್ಳುಪೊದೆ; ಶಾಸ್ತ್ರೀಯ ನಾಮ ಲಂಟಾನ ಕಮಾರ. 17ನೆಯ ಶತಮಾನದಲ್ಲಿ ಡಚ್ಚರು ಇದನ್ನು ಯೂರೋಪಿನ ತೋಟಗಳಿಗೆ ಒಯ್ದರು. 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಗಿಡ ಅಂದಕ್ಕೂ ಬೇಲಿಗೂ ಊರೂರು ಹಬ್ಬಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಮುಟ್ಟಿಸಿದವು. ಕೊಡಗಿನ ಕಾಡುಗಳ ಲಂಟಾನ ಹಾವಳಿಯನ್ನು ಕುರಿತು ಎಚ್. ಟೈರ್‌ಮನ್ 1916ರಲ್ಲೇ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬರೆದಿದ್ದರು.

ಗುರುತಿಸುವುದು ಸುಲಭ. ಎಳೆಯ ಕಾಂಡಕ್ಕೆ ನಾಲ್ಕು ಮೂಲೆ, ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು. ಎದುರುಬದುರಾಗಿ ಒರಟು ಎಲೆ, ಉಜ್ಜಿದರೆ ಘಾಟು ವಾಸನೆ. ಒಂದೇ ಗೊಂಚಲಿನಲ್ಲಿ ನಡುವಿನ ಹೊಸ ಹೂ ಹಳದಿಯಾಗಿದ್ದು, ಅಂಚಿನ ಹಳೆಯವು ಗುಲಾಬಿಗೋ ಕೆಂಪಿಗೋ ತಿರುಗಿರುತ್ತವೆ. ಹಸಿರು ಕಾಯಿ ಮಾಗಿದಾಗ ಕಪ್ಪು. ಎಲೆ ಮೇಯ್ದ ದನಗಳಿಗೆ ಯಕೃತ್ತು ಕೆಟ್ಟು ಕಾಮಾಲೆ ತಗಲುತ್ತದೆ.

ಕೀಟ ಬಿಟ್ಟು ಕಳೆ ಕೊಲ್ಲುವ ಪ್ರಯೋಗ ಹವಾಯಿಯಲ್ಲಿ 1902ರಲ್ಲಿ ನಡೆಯಿತು. ಭಾರತಕ್ಕೆ 1941ರಲ್ಲಿ ಆಸ್ಟ್ರೇಲಿಯದಿಂದ ಟೆಲಿಯೋನೀಮಿಯಾ ಎಂಬ ರಸಹೀರುವ ತಿಗಣೆಯನ್ನು ತರಿಸಲಾಯಿತು. ಎಲೆ ಉದುರಿದರೂ ಪೊದೆ ಮತ್ತೆ ಚಿಗುರಿತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ಹಚ್ಚುತ್ತಿದ್ದ ಸಣ್ಣ 'ತರಗು ಬೆಂಕಿ' ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ ಇದೇ ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಾರೆ. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಲಂಟಾನ ಕಂಡುಬಂದ ಜಾಗಗಳು ಸುಮಾರು ಇಮ್ಮಡಿಯಾದವು. ಕಾಡನ್ನು ಬಲ್ಲವರ ಈ ಮಾತನ್ನು ಆಡಳಿತ ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ. ಈಗ ಒತ್ತಾಗಿ ಬೆಳೆದಿರುವ ಪೊದೆಗೆ ಬೆಂಕಿ ಬಿದ್ದರೆ ಅದು ಮರದ ತುದಿಗೇರುತ್ತದೆ. ಹಾಗಾಗಿ ಹಳೆಯ ಪದ್ಧತಿಗೆ ನೇರವಾಗಿ ಮರಳುವಂತಿಲ್ಲ.

ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳ. ನೆಲದಿಂದ ಮೂರು-ನಾಲ್ಕು ಸೆಂ.ಮೀ. ಕೆಳಗೆ, ಚಿಗುರೊಡೆಯುವ ಭಾಗದ ಅಡಿಯಲ್ಲಿ, ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡುವುದು. ಬುಡ ಸವರಿದರೆ ಸಾಲದು, ಹತ್ತು ಕವಲು ಹೊಡೆಯುತ್ತದೆ. ಮಣ್ಣಲ್ಲುಳಿದ ಬೀಜ ಮೊಳೆತಂತೆಲ್ಲ ಸಸಿ ಕೀಳುತ್ತ, ತೆರವಾದ ಜಾಗದಲ್ಲಿ ನಾಡಹುಲ್ಲು ಬಿತ್ತಬೇಕು.

ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಿಂದ ಏಟ್ರೀ ಸಂಸ್ಥೆಯ ತರಬೇತಿ ಪಡೆದವರು ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಿದಿರಿನ ಬದಲು ಬಳಸಿ ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ಇದರಿಂದ ಕೂಲಿ ಹುಟ್ಟುತ್ತದೆ; ಕಾಡು ಪೂರ್ತಿ ತೆರವಾಗಲು ಬೇರುಸಹಿತ ಕೀಳುವ ಕೆಲಸವೇ ಆಗಬೇಕು.