ತಡವಾದ ಅರ್ಜಿಗೆ ತಕ್ಕ ಕಾರಣ

ಕೆನಡಾದಲ್ಲಿ ನಿರುದ್ಯೋಗ ವಿಮೆ ಬಂದದ್ದೇ ತಡವಾಗಿ. 1930ರ ದಶಕದ ಮಹಾಕುಸಿತದಲ್ಲಿ ಕೆಲಸವಿಲ್ಲದ ಒಂಟಿ ಗಂಡಸರನ್ನು ಸರ್ಕಾರ ಶಿಬಿರಗಳಿಗೆ ಕಳಿಸಿ, ಊಟ ವಸತಿಯ ಜೊತೆ ದಿನಕ್ಕೆ 20 ಸೆಂಟ್ ಕೊಟ್ಟು ದುಡಿಸುತ್ತಿತ್ತು. 1935ರಲ್ಲಿ ಪ್ರಧಾನಿ ಆರ್. ಬಿ. ಬೆನೆಟ್ ತಂದ ವಿಮಾ ಕಾಯ್ದೆ, ಅದು ಪ್ರಾಂತ್ಯಗಳಿಗೆ ಸೇರಿದ ವಿಷಯವೆಂಬ ಕಾರಣಕ್ಕೆ ಕೋರ್ಟಿನಲ್ಲಿ ಬಿದ್ದುಹೋಯಿತು. ಸಂವಿಧಾನ ತಿದ್ದಿ 1940ರಲ್ಲಿ ಹೊಸ ಕಾಯ್ದೆ ಮಾಡುವ ಹೊತ್ತಿಗೆ ಯುದ್ಧ ಶುರುವಾಗಿ, ಕೈಗಳಿಗೆ ಕೆಲಸ ಸಿಗತೊಡಗಿತ್ತು.

ಆಗಿನ ಲೆಕ್ಕವೆಲ್ಲ ಸ್ಟಾಂಪಿನಲ್ಲಿ. ಮಾಲೀಕ ಕಾರ್ಮಿಕನ ವಿಮಾ ಪುಸ್ತಕಕ್ಕೆ ಸ್ಟಾಂಪು ಅಂಟಿಸಬೇಕು. ಎರಡು ವರ್ಷದಲ್ಲಿ 180 ದಿನದ ವಂತಿಗೆ ಕಂಡರೆ ಭತ್ಯೆ. ಹೊಲದ ಆಳು, ಮನೆಗೆಲಸದವರು, ಮೀನುಗಾರರು ಹೊರಗೇ ಉಳಿದರು. ಮೀನುಗಾರರಿಗೆ 1950ರ ದಶಕದಲ್ಲಿ ಬಾಗಿಲು ತೆರೆಯಿತು. ಸ್ಟಾಂಪು ಹೋಗಿ ದಶಕಗಳಾದರೂ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಮಾತಿನಲ್ಲಿ ಅದು ಉಳಿದುಕೊಂಡಿದೆ.

ಇಷ್ಟೆಲ್ಲ ಇದ್ದೂ ಅರ್ಜಿ ಹಾಕುವುದು ತಡವಾದರೆ? ಹಿಂದಿನ ತಾರೀಖಿನಿಂದಲೇ ಲೆಕ್ಕ ಹಿಡಿಯಿರಿ ಎಂದು ಕೇಳಬಹುದು, ಆದರೆ ತಡವಾದಷ್ಟೂ ದಿನಕ್ಕೆ ತಕ್ಕ ಕಾರಣ ತೋರಿಸಬೇಕು. ‘ಕಾನೂನು ಗೊತ್ತಿರಲಿಲ್ಲ’ ಎಂದವರಿಗೆ 1976ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕದ ಮುಚ್ಚಿತು. 1985ರಲ್ಲಿ ಅದೇ ನ್ಯಾಯಾಲಯ, ಆಲ್ಬ್ರೆಕ್ಟ್ ಪ್ರಕರಣದಲ್ಲಿ, ಮೆತ್ತಗಾಯಿತು. ಅಂಥ ಸ್ಥಿತಿಯಲ್ಲಿ ವಿವೇಕವುಳ್ಳ ಸಾಮಾನ್ಯ ಮನುಷ್ಯ ಏನು ಮಾಡುತ್ತಿದ್ದನೋ ಅದನ್ನು ಅರ್ಜಿದಾರ ಮಾಡಿದ್ದರೆ ಸಾಕು ಎಂದು ನ್ಯಾಯಮೂರ್ತಿ ಮಾರ್ಸೋ ಬರೆದರು. ಕೈಕಟ್ಟಿ ಕೂತವನಿಗೆ ಇದು ರಕ್ಷಣೆಯಲ್ಲ. ತನ್ನ ಹಕ್ಕೇನೆಂದು ಬೇಗನೆ ವಿಚಾರಿಸಿರಬೇಕು. ಮಾತು ಉದಾರ, ಆದರೆ ರುಜುವಾತಿನ ಹೊರೆ ಮಾತ್ರ ಕೆಲಸ ಕಳೆದುಕೊಂಡವನ ತಲೆಯ ಮೇಲೇ.

1996ರಲ್ಲಿ ಯೋಜನೆಯ ಹೆಸರು ‘ಉದ್ಯೋಗ ವಿಮೆ’ ಎಂದಾಯಿತು, ಅರ್ಹತೆಯನ್ನು ಗಂಟೆಗಳಲ್ಲಿ ಅಳೆಯತೊಡಗಿದರು. ಆ ಭಾಗದ ನಿರುದ್ಯೋಗ ಪ್ರಮಾಣ ನೋಡಿ 420ರಿಂದ 700 ಗಂಟೆ ಬೇಕು, ಅದೂ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 52 ವಾರಗಳೊಳಗೆ. ತಡದ ನಿಜವಾದ ಪೆಟ್ಟು ಇಲ್ಲಿದೆ. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ದುಡಿದು, ಮುಂದಿನ ಜೂನ್‌ನಲ್ಲಿ ಅರ್ಜಿ ಹಾಕಿದವನ ಏಪ್ರಿಲ್, ಮೇ ತಿಂಗಳ ಬೆವರು ಲೆಕ್ಕದಿಂದಲೇ ಜಾರಿಹೋಗಿರುತ್ತದೆ. ವಂತಿಗೆಯನ್ನು ಸಂಬಳದಿಂದ ಮುರಿದುಕೊಳ್ಳುವುದೇನೋ ತಪ್ಪಿರಲಿಲ್ಲ!

ಕೊನೆಯ ದುಡಿಮೆಯ ದಿನದಿಂದ ನಾಲ್ಕು ವಾರ ದಾಟಿದರೆ ಭತ್ಯೆ ತಪ್ಪಬಹುದು ಎಂದು ಸರ್ಕಾರವೇ ಎಚ್ಚರಿಸುತ್ತದೆ. ಮಾಲೀಕ ಕೊಡಬೇಕಾದ ಉದ್ಯೋಗ ದಾಖಲೆಯ ಕಾಗದಕ್ಕೆ ಕಾಯುತ್ತ ಕೂರಬೇಕಾಗಿಲ್ಲ. ಅದು ಕೈಸೇರದಿದ್ದರೂ ಅರ್ಜಿ ಹಾಕಬಹುದು.