ಪುರಾಣದ ಕಟ್ಟೆಯಿಂದ ನಕ್ಷತ್ರಲೋಕದವರೆಗೆ: ದೊಡ್ಡ ಕತೆಗಳೂ ಅವುಗಳ ಓದುಗರೂ

1999ರ ಅಕ್ಟೋಬರಿನಲ್ಲಿ ಅಮೆರಿಕದ ಲೇಖಕ ಆರ್. ಎ. ಸಾಲ್ವಟೋರ್ ಅವರ ‘ವೆಕ್ಟರ್ ಪ್ರೈಮ್’ ಕಾದಂಬರಿ ಹೊರಬಂತು. ‘ಸ್ಟಾರ್ ವಾರ್ಸ್’ ಸಿನಿಮಾಗಳ ಕತೆಯನ್ನು ಮುಂದಕ್ಕೆ ಬೆಳೆಸುವ ಹತ್ತೊಂಬತ್ತು ಕಾದಂಬರಿಗಳ ಮಾಲೆಯಲ್ಲಿ ಅದು ಮೊದಲನೆಯದು. ಗೆಳೆಯನ ಮಗನನ್ನು ಉಳಿಸಲು ಹೋದ ಚ್ಯೂಬಾಕ, ಚಂದ್ರನೊಂದು ಕಳಚಿ ಗ್ರಹದ ಮೇಲೆ ಬೀಳುವಾಗ ಅದರಡಿ ಸಿಕ್ಕು ಅಲ್ಲಿ ಸಾಯುತ್ತಾನೆ. 1977ರಿಂದ ತೆರೆಯ ಮೇಲೆ ಕಂಡು ಮನೆಮಗನಂತೆ ಪ್ರೀತಿಸಿದ ಪಾತ್ರವದು. ಓದುಗರು ಸಿಡಿದೆದ್ದರು, ಲೇಖಕರಿಗೆ ಕೊಲೆ ಬೆದರಿಕೆಗಳೂ ಬಂದವು. ಸಾಲ್ವಟೋರ್ ಒಬ್ಬರೇ ಕೂತು ಮಾಡಿದ ನಿರ್ಧಾರ ಅದಾಗಿರಲಿಲ್ಲ. ಈ ಲೋಕದಲ್ಲಿ ಯಾರೂ ಸುರಕ್ಷಿತರಲ್ಲ ಎಂದು ತೋರಿಸಲು ಒಂದು ದೊಡ್ಡ ಪಾತ್ರ ಸಾಯಬೇಕೆಂದು ಪ್ರಕಾಶಕರ ಗುಂಪು ಮೊದಲೇ ಯೋಚಿಸಿತ್ತು. ಅವರು ಮೊದಲು ಆರಿಸಿಕೊಂಡದ್ದು ನಾಯಕ ಲ್ಯೂಕ್‌ನನ್ನು. ಚಿತ್ರಸಂಸ್ಥೆ ಅದಕ್ಕೆ ಒಪ್ಪದಿದ್ದಾಗ ಸರದಿ ಚ್ಯೂಬಾಕನಿಗೆ ಬಂತು.

ಕಲ್ಪಿತ ಪಾತ್ರವೊಂದು ಸತ್ತರೆ ಇಷ್ಟು ಸಂಕಟವೇಕೆ ಎಂದು ಬಾಗಲಕೋಟೆ ಸೀಮೆಯ ಶಿರೂರಿನಂಥ ಊರಲ್ಲಿ ಯಾರೂ ಕೇಳಲಾರರು. ಈ ಕಡೆಯ ಊರುಗಳಲ್ಲಿ ಶ್ರಾವಣ ಬಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ಶರಣರೊಬ್ಬರ ಚರಿತ್ರೆ ತಿಂಗಳುಗಟ್ಟಲೆ ಸಂಜೆಸಂಜೆ ಮುಂದೆ ಸಾಗುತ್ತದೆ. ಕತೆಯಲ್ಲಿ ಕೂಸು ಹುಟ್ಟಿದ ದಿನ ಕೇಳುವವರು ನಿಜವಾದ ತೊಟ್ಟಿಲು ಕಟ್ಟಿ ಹೆಸರಿಟ್ಟು ಜೋಗುಳ ಹಾಡುತ್ತಾರೆ. ಕತೆಯಲ್ಲಿ ಮದುವೆಯಾದ ದಿನ ಅಕ್ಕಿಕಾಳು ಬೀಳುತ್ತವೆ, ಆಯೇರಿ ಬರುತ್ತದೆ, ಊರಿಗೆಲ್ಲ ಊಟವಾಗುತ್ತದೆ. ಹೀಗೆ ಅದು ಕೇಳುಗರ ಮನೆಯ ಕಾರ್ಯವಾಗಿಬಿಡುತ್ತದೆ. ದೊಡ್ಡ ಕತೆಗಳಿಗೆ ಓದುಗರು ತೋರುವ ಪ್ರತಿಕ್ರಿಯೆಯ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಸಿನಿಮಾ, ಪೇಪರು, ಅಚ್ಚಿನ ಪುಸ್ತಕ ಇವೆಲ್ಲ ಬರುವ ಎಷ್ಟೋ ಮೊದಲೇ ಕತೆಯ ಮೇಲೆ ಕೇಳುಗರಿಗೊಂದು ಹಕ್ಕಿತ್ತು. ಆ ಹಕ್ಕು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೂಪ ತಳೆಯುತ್ತ ಬಂದಿದೆ.

ಅದರ ಬಹು ಹಳೆಯ ದಾಖಲೆಯೊಂದು ಇದೇ ಜಿಲ್ಲೆಯ ಮುಧೋಳದವನಾದ ರನ್ನನ ಹೆಸರಿನಲ್ಲಿದೆ. ಪಂಪ 941ರ ಹೊತ್ತಿಗೆ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೇ ನಾಯಕ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆದ ಕಾವ್ಯವದು. ಮುಂದಿನ ತಲೆಮಾರಿನ ರನ್ನ ಆ ಕಾವ್ಯವನ್ನು ಮನಸಾರೆ ಓದಿದವನು. ಅದರ ಹದಿಮೂರನೆಯ ಆಶ್ವಾಸವನ್ನು ಹಿಡಿದುಕೊಂಡು, ನಾಯಕತ್ವವನ್ನು ಅರ್ಜುನನಿಂದ ಕಿತ್ತು ಭೀಮನಿಗೆ ಕೊಟ್ಟ. ಹಾಗೆ ಹುಟ್ಟಿದ್ದು ‘ಸಾಹಸಭೀಮ ವಿಜಯ’, ಎಂದರೆ ‘ಗದಾಯುದ್ಧ’. ರನ್ನನಿಗೂ ದೊರೆ ಸತ್ಯಾಶ್ರಯನನ್ನು ಹೊಗಳುವ ಕಾರಣವಿತ್ತು, ನಿಜ. ಆದರೆ ಕಾವ್ಯ ಓದಿ ಮುಗಿಸಿದವರ ಎದೆಯಲ್ಲಿ ನಿಲ್ಲುವವನು ಭೀಮನಲ್ಲ, ತನ್ನವರ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನ. ಒಂಬೈನೂರಕ್ಕೂ ಹೆಚ್ಚು ವರ್ಷಗಳ ನಂತರ ಬಿ. ಎಂ. ಶ್ರೀಕಂಠಯ್ಯನವರು ಈ ದುರ್ಯೋಧನನನ್ನು ದುರಂತ ನಾಯಕನನ್ನಾಗಿ ಕಂಡು ‘ಗದಾಯುದ್ಧ’ವನ್ನು ನಾಟಕವಾಗಿಸಿದರು. ಪಂಪನನ್ನು ಓದಿದ ರನ್ನ, ರನ್ನನನ್ನು ಓದಿದ ಶ್ರೀಕಂಠಯ್ಯನವರು: ಒಬ್ಬರ ಓದಿನಿಂದ ಇನ್ನೊಂದು ಕೃತಿ ಹುಟ್ಟುತ್ತ ಬಂದ ಸಾಲು ಇದು.

ಪಂಪನನ್ನು ಓದಿದವರು ಅವನಲ್ಲಿ ಹುಳುಕೂ ಹುಡುಕಿದ್ದಾರೆ. ದ್ರೌಪದಿಯನ್ನು ಆತ ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಹಾಗಿದ್ದ ಮೇಲೆ ತುಂಬಿದ ಸಭೆಯಲ್ಲಿ ಭೀಮ ಅವಳಿಗಾಗಿ ಪ್ರತಿಜ್ಞೆ ಮಾಡುವುದೇಕೆ, ಅವಳನ್ನು ಧರ್ಮರಾಯ ಪಣಕ್ಕಿಟ್ಟದ್ದು ಹೇಗೆ? ಬದಲಾಯಿಸಿದ ಕತೆಯಡಿಯಿಂದ ವ್ಯಾಸರ ಕತೆ ಇಣುಕುವ ಇಂಥ ಜಾಗಗಳನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಇತ್ತ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಹಾಡಿದ ಭಾರತ ಹತ್ತು ಪರ್ವಗಳಿಗೆ ನಿಂತಿತು. ಉಳಿದ ಕತೆಯನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಇಂಗ್ಲಿಷಿನಲ್ಲಿ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ‘ವೀಲ್ ಆಫ್ ಟೈಮ್’ ಮಾಲೆಯನ್ನು ಬ್ರಾಂಡನ್ ಸ್ಯಾಂಡರ್ಸನ್ ಮುಗಿಸಿದರು. ಹುಡುಗನಾಗಿದ್ದಾಗಿನಿಂದ ಆ ಮಾಲೆಯನ್ನು ಓದಿ ಬೆಳೆದವರು ಅವರು. ಎರಡೂ ಕಡೆ ಆಗಿದ್ದು ಒಂದೇ: ಕತೆ ನಿಂತಾಗ ಅದನ್ನು ಹೊತ್ತವನು ಅದರ ಒಬ್ಬ ಓದುಗ.

ಕತೆಯ ಬಗ್ಗೆ ವಾದ ಮಾಡುವುದಕ್ಕೇ ಒಂದು ಕಲೆ ಬೆಳೆದದ್ದು ನಮ್ಮ ಸೀಮೆಯ ಹೆಚ್ಚುಗಾರಿಕೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹರದೇಶಿ–ನಾಗೇಶಿ ಹಾಡಿಕೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರದೇಶಿಯವರು ಶಿವನ ಪಕ್ಷ, ಗಂಡಿನ ಪಕ್ಷ. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ದಪ್ಪು ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಹಾಕುತ್ತಾರೆ, ಜವಾಬು ಕೊಡುತ್ತಾರೆ. ಸೀತೆಯ ತಪ್ಪೇನು, ರೇಣುಕೆಯ ತಲೆ ಕಡಿದದ್ದು ಯಾವ ನ್ಯಾಯ ಎಂಬ ಪ್ರಶ್ನೆಗಳು ಪದವಾಗಿ ಬರುತ್ತವೆ. ಸುಮ್ಮನೆ ಬಾಯಿಗೆ ಬಂದದ್ದನ್ನು ಹಾಡುವಂತಿಲ್ಲ, ಯಾವ ಪುರಾಣದಲ್ಲಿ ಹೀಗಿದೆ ಎಂದು ಆಧಾರ ಕೊಡಬೇಕು. ಕೂತ ಜನ ಆ ಪುರಾಣಗಳನ್ನೆಲ್ಲ ಬಲ್ಲವರು. ಆಧಾರ ತಪ್ಪಿದರೆ ಅಲ್ಲೇ ಗದ್ದಲ. ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಕಾದಂಬರಿ ಮಾಲೆಯ ಅಭಿಮಾನಿಗಳು ಒಂದು ಪಾತ್ರದ ಪರ ವಿರುದ್ಧ ಪುಟಸಂಖ್ಯೆ ಸಹಿತ ಜಗಳಾಡುವುದನ್ನು ಹೊಸ ಕಾಲದ ಹುಚ್ಚೆಂದು ಬರೆಯುವವರು ಒಮ್ಮೆ ಈ ಹಾಡಿಕೆಗೆ ಬಂದು ಕೂಡಬೇಕು. ಜಗಳಕ್ಕೆ ರಾಗ, ತಾಳ, ನಿಯಮ ಎಲ್ಲ ಇರುವುದರಿಂದ ಬೆಳಗಾದ ಮೇಲೆ ಎರಡೂ ಮೇಳ ಒಟ್ಟಿಗೆ ಚಹಾ ಕುಡಿಯುತ್ತವೆ. ಕೊಲೆ ಬೆದರಿಕೆಯ ತನಕ ಹೋದ ಸಿಟ್ಟಿಗೆ ಅಂಥದೊಂದು ಅಂಗಳವೇ ಇರಲಿಲ್ಲ.

ಅಚ್ಚಿನ ಕಾಲ ಬಂದಾಗ ಈ ಒಟ್ಟು ಕೂಟ ಚದುರಿತು. ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಮರಾಠಿಯೇ ಮೆರೆಯುತ್ತಿದ್ದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಐತಿಹಾಸಿಕ ಕಾದಂಬರಿ ಬರೆದರು. 1907ರಲ್ಲಿ ಅಗಡಿಯಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಅವರ ಬರಹವನ್ನು ತಿಂಗಳು ತಿಂಗಳೂ ಮನೆ ಮುಟ್ಟಿಸಿತು. ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದವರು ಅವರು. ಓದುಗ ಏನಂದ ಎಂಬುದನ್ನು ಆತನ ಕಟ್ಟೆಯ ಮೇಲೇ ಕೂತು ಕೇಳಬಲ್ಲವರಾಗಿದ್ದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಶುರುಮಾಡಿದ ಮನೋಹರ ಗ್ರಂಥಮಾಲೆ ಓದುಗನನ್ನು ಚಂದಾದಾರನನ್ನಾಗಿಸಿತು. ಮುಂದೆ ಏನು ಬರುತ್ತದೆಂದು ತಿಳಿಯುವ ಮೊದಲೇ ದುಡ್ಡು ಕಟ್ಟುವ ಆ ನಂಬಿಕೆಯೂ ಒಂದು ಬಗೆಯ ಪ್ರತಿಕ್ರಿಯೆಯೇ.

ಆಮೇಲೆ ವಾರಪತ್ರಿಕೆಗಳ ಯುಗ. ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ ಬಂದವು. ಹುಬ್ಬಳ್ಳಿಯ ‘ಕರ್ಮವೀರ’ ಇವೆಲ್ಲಕ್ಕಿಂತ ಹಳೆಯದು, 1921ರದು. ಧಾರಾವಾಹಿ ಓದುವವರ ರೂಢಿಗಳನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆಯಾಗುತ್ತದೆ. ಕಂತಿನ ಹಾಳೆ ಬಿಚ್ಚಿ, ಕೂಡಿಸಿಟ್ಟು, ದಬ್ಬಣದಿಂದ ಹೊಲಿದು, ರಟ್ಟು ಹಾಕಿ ತಮ್ಮದೇ ಪ್ರತಿ ಮಾಡಿಕೊಂಡ ಹೆಣ್ಣುಮಕ್ಕಳು ಎಷ್ಟು ಮಂದಿ! ಗ್ರಂಥಾಲಯದ ಪುಸ್ತಕದ ಅಂಚಿನಲ್ಲಿ ಒಬ್ಬರು ನಾಯಕನನ್ನು ಬೈದು ಬರೆದರೆ, ಇನ್ನೊಬ್ಬರು ಕೆಳಗೆ ಉತ್ತರಿಸುತ್ತಿದ್ದರು. ವಾಚಕರ ವಾಣಿಗೆ ಪೋಸ್ಟ್‌ಕಾರ್ಡು ಹಾಕಿ ನಾಯಕಿಯನ್ನು ಸಾಯಿಸಬೇಡಿ ಎಂದು ಬೇಡಿಕೊಂಡವರಿದ್ದರು. ಕನ್ನಡದ ವಿಮರ್ಶೆ ಲೇಖಕರ ಮೇಲೆ ಸಾವಿರಾರು ಪುಟ ಬರೆದಿದೆ. ಈ ಅಂಚಿನ ಬರಹ, ಹೊಲಿದ ಪ್ರತಿ, ಕಾರ್ಡುಗಳ ಕಡೆಗೆ ಕಣ್ಣು ಹಾಯಿಸಿದ್ದು ತೀರ ಕಡಿಮೆ. ಇದು ದೊಡ್ಡ ಕೊರತೆ.

ಮಾಲೆ ಎಂಬ ಅರ್ಥದಲ್ಲಿ ಕನ್ನಡಿಗರು ತಲೆತಲಾಂತರ ಪ್ರೀತಿಸಿದ್ದು ತ. ರಾ. ಸುಬ್ಬರಾಯರ ಚಿತ್ರದುರ್ಗದ ಕಾದಂಬರಿಗಳನ್ನು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ‘ದುರ್ಗಾಸ್ತಮಾನ’ದ ತನಕ ಒಂದು ಪಾಳೆಯಪಟ್ಟಿನ ಏಳುಬೀಳು ಅಲ್ಲಿದೆ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿತ್ತೆಂದು ಚರಿತ್ರೆ ಗೊತ್ತಿದ್ದವರೂ ಕಡೆಯ ಪುಟಗಳಲ್ಲಿ ಮದಕರಿನಾಯಕ ಗೆಲ್ಲಲಿ ಎಂದು ಆಸೆಪಟ್ಟಿದ್ದಾರೆ. ಪುಸ್ತಕ ಕೈಯಲ್ಲಿ ಹಿಡಿದು ಕೋಟೆ ಹತ್ತಿ, ಈ ಬಾಗಿಲಲ್ಲೇ ಅದು ನಡೆದದ್ದು ಎಂದು ಮಕ್ಕಳಿಗೆ ತೋರಿಸಿದ್ದಾರೆ. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತರಾಸು ಇರಲಿಲ್ಲ. ಅವರ ಇನ್ನೊಂದು ಮೂರು ಕಾದಂಬರಿಗಳ ಗುಚ್ಛ ‘ನಾಗರಹಾವು’ ಸಿನಿಮಾ ಆದದ್ದು 1972ರಲ್ಲಿ. ನಿರ್ದೇಶಕ ಪುಟ್ಟಣ್ಣ ಕಣಗಾಲರು ನಾಗರಹಾವನ್ನು ಕೇರೆಹಾವು ಮಾಡಿದರೆಂದು ತರಾಸು ನೊಂದುಕೊಂಡ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಕರ್ನಾಟಕದ ಜನ ಮಾತ್ರ ಅದರ ನಾಯಕ ರಾಮಾಚಾರಿಯನ್ನು ಎದೆಗೊತ್ತಿಕೊಂಡರು. ಪಾತ್ರ ಹುಟ್ಟಿಸಿದವರಿಗೂ ಅದನ್ನು ಪ್ರೀತಿಸುವವರಿಗೂ ಒಮ್ಮತವಿರಲೇಬೇಕೆಂದಿಲ್ಲ.

ನಕ್ಷತ್ರಲೋಕದ ಕಾದಂಬರಿಗಳಲ್ಲಿ ಈ ಭಿನ್ನಮತವೇ ಒಂದು ಇತಿಹಾಸ. ‘ಸ್ಟಾರ್ ವಾರ್ಸ್’ನ ಮೊದಲ ಮೂರು ಸಿನಿಮಾ 1983ರಲ್ಲಿ ಮುಗಿದ ಮೇಲೆ ಉತ್ಸಾಹ ಇಳಿಯುತ್ತಿದ್ದಾಗ, 1991ರಲ್ಲಿ ತಿಮೊತಿ ಜಾನ್ ಅವರ ‘ಏರ್ ಟು ದಿ ಎಂಪೈರ್’ ಬಂತು. ಅದು ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೇಲೇರಿ, ಓದುಗರ ಹಸಿವು ತೀರಿಲ್ಲವೆಂದು ಸಾಬೀತುಮಾಡಿತು. ರಾಜಧಾನಿ ಗ್ರಹಕ್ಕೆ ಜಾನ್ ಇಟ್ಟ ಕೊರಸಾಂಟ್ ಎಂಬ ಹೆಸರನ್ನು ಮುಂದೆ ಸಿನಿಮಾಗಳೇ ತೆಗೆದುಕೊಂಡವು. ಇಷ್ಟು ಕಟ್ಟಿದ ಮೇಲೆ 2014ರ ಏಪ್ರಿಲ್ 25ರಂದು ಚಿತ್ರಸಂಸ್ಥೆ ಅಲ್ಲಿಯವರೆಗಿನ ಕಾದಂಬರಿಗಳನ್ನೆಲ್ಲ ಅಧಿಕೃತ ಕತೆಯಿಂದ ಹೊರಗಿಟ್ಟು ‘ಲೆಜೆಂಡ್ಸ್’ ಎಂಬ ಹಣೆಪಟ್ಟಿ ಹಚ್ಚಿತು. ಇಪ್ಪತ್ತು ಮೂವತ್ತು ವರ್ಷ ಓದಿದವರಿಗೆ ತಾವು ಬಾಳಿದ ಊರೇ ನಕ್ಷೆಯಲ್ಲಿಲ್ಲವೆಂದಂತಾಯಿತು. ಕೆಲವರು ಹಣ ಕೂಡಿಸಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜಾಹೀರಾತು ಫಲಕ ನಿಲ್ಲಿಸಿ, ಹಳೆಯ ಕತೆ ಮುಂದುವರಿಸಿ ಎಂದು ಕೇಳಿದರು. ಆದರೂ ಜಾನ್ ಸೃಷ್ಟಿಸಿದ ಖಳನಾಯಕ ಥ್ರಾನ್‌ನ ಮೇಲೆ ಓದುಗರಿಗಿದ್ದ ಮೋಹ ಎಷ್ಟಿತ್ತೆಂದರೆ, 2016ರಲ್ಲಿ ಆತ ಟಿ.ವಿ. ಮಾಲೆಗೂ ಮರುವರ್ಷ ಹೊಸ ಕಾದಂಬರಿಗೂ ಅಧಿಕೃತವಾಗಿಯೇ ಮರಳಿದ. ಪುರಾಣದ ಕಟ್ಟೆಯಲ್ಲಿ ಕೂತವರಿಗೆ ಇಂಥ ಸಂಕಟ ಬರುವುದಿಲ್ಲ. ಜೈಮಿನಿ ಭಾರತ ಓದಿದರೆ ವ್ಯಾಸಭಾರತ ಸುಳ್ಳಾಗುವುದಿಲ್ಲ. ಕತೆಗೆ ಒಡೆಯನೇ ಇಲ್ಲದಿರುವುದರಿಂದ ಹೊರಹಾಕುವವನೂ ಇಲ್ಲ.

ಲೆಕ್ಕದ ಜಗಳ ಮಾತ್ರ ಎರಡೂ ಕಡೆ ಇದೆ. ‘ಸ್ಟಾರ್ ವಾರ್ಸ್’ ಕಾದಂಬರಿಗಳ ಲೇಖಕಿ ಕ್ಯಾರೆನ್ ಟ್ರಾವಿಸ್ ತಮ್ಮ ಬರಹಗಳಲ್ಲಿ ಸುಮಾರು 30 ಲಕ್ಷ ತದ್ರೂಪಿ ಸೈನಿಕರು ಇಡೀ ತಾರಾಮಂಡಲಕ್ಕಾಗಿ ಕಾದಿದರೆಂದಾಗ, ಸಾವಿರಾರು ಗ್ರಹಗಳಿಗೆ ಇಷ್ಟು ಸೈನ್ಯ ಸಾಲುವುದೇ ಎಂದು ಓದುಗರು ರೇಗಿದರು. ನಮ್ಮ ಹದಿನೆಂಟು ಅಕ್ಷೋಹಿಣಿಯ ಲೆಕ್ಕ ಹಾಕಿ ನೋಡಿ. ರಥ, ಆನೆ, ಕುದುರೆ, ಕಾಲಾಳು ಸೇರಿ ಒಂದಕ್ಕೆ 2,18,700, ಒಟ್ಟು 39,36,600. ಒಂದು ಗೆಲಾಕ್ಸಿಗಿಂತ ಕುರುಕ್ಷೇತ್ರದ ಬಯಲಿನಲ್ಲೇ ಹೆಚ್ಚು ಮಂದಿ! ಇಷ್ಟು ಜನಕ್ಕೆ ಅನ್ನ ನೀರು ಎಲ್ಲಿಂದ, ಹೆಣಗಳ ನಾತ ತಡೆದವರು ಯಾರು ಎಂದು ಕೇಳಿದ್ದು ಎಸ್. ಎಲ್. ಭೈರಪ್ಪನವರ ‘ಪರ್ವ’ (1979). ಪವಾಡಗಳನ್ನೆಲ್ಲ ಕಳಚಿಟ್ಟ ಆ ಕಾದಂಬರಿಯನ್ನು ಪೂಜಿಸಿದವರೂ ಅದರ ಮೇಲೆ ಮುನಿದವರೂ ಇಂದಿಗೂ ವಾದ ನಿಲ್ಲಿಸಿಲ್ಲ.

ಭೈರಪ್ಪನವರು ಆಕಾಶದಿಂದ ನೆಲಕ್ಕಿಳಿಸಿದ್ದನ್ನು ಮತ್ತೆ ಆಕಾಶಕ್ಕೊಯ್ದವರು ‘ಮನು’ ಎಂಬ ಹೆಸರಿನಲ್ಲಿ ಬರೆದ ಪಿ. ಎನ್. ರಂಗನ್. ಅವರ ‘ಮಹಾಸಂಪರ್ಕ’ ಮಹಾಭಾರತದ ದೇವತೆಗಳನ್ನು ಅನ್ಯಗ್ರಹದ ಜೀವಿಗಳೊಂದಿಗೆ ಬೆಸೆದು ನೋಡಿತು. ಕನ್ನಡದಲ್ಲಿ ಅಂತರಿಕ್ಷದ ಅದ್ಭುತಕ್ಕೆ ಇಷ್ಟು ದೊಡ್ಡ ಹರವು ಕೊಟ್ಟ ಕಾದಂಬರಿಗಳು ವಿರಳ. ಅದನ್ನು ಹುಡುಕಿಕೊಂಡು ಓದುವವರು ಈಗಲೂ ಇದ್ದಾರೆ. ರಾಜಶೇಖರ ಭೂಸನೂರಮಠರು ವಿಜ್ಞಾನ ಕತೆಗಳಿಗೆ ಓದುಗರನ್ನು ಬೆಳೆಸಿದರು. ‘ಚಂದಮಾಮ’ದಲ್ಲಿ ದಾಸರಿ ಸುಬ್ರಹ್ಮಣ್ಯಂ ಅವರ ಮಾಂತ್ರಿಕ ದ್ವೀಪ, ಪರ್ವತಗಳ ಧಾರಾವಾಹಿಗಳನ್ನು ತಿಂಗಳುಗಟ್ಟಲೆ ಕಾದು ಓದಿದ ಮಕ್ಕಳೇ ಮುಂದೆ ಇಂಥ ಕತೆಗಳ ಓದುಗರಾದರು.

ಹಾಗಿದ್ದರೂ ಕನ್ನಡದಲ್ಲಿ ಹತ್ತಾರು ಲೇಖಕರು ಸೇರಿ ಬೆಳೆಸಿದ ಒಂದು ನಕ್ಷತ್ರಲೋಕ ಹುಟ್ಟಲಿಲ್ಲ. ಓದುಗರ ಕಲ್ಪನೆ ಕಡಿಮೆಯಾಗಿ ಹೀಗಾಯಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ; ಹರದೇಶಿ–ನಾಗೇಶಿಯ ಸವಾಲು ಕೇಳಿದವರು ಯಾರೂ ಒಪ್ಪಲಾರರು. ಕಾರಣ ಬೇರೆ: ಒಬ್ಬ ಲೇಖಕನ ಲೋಕದೊಳಗೆ ಇನ್ನೊಬ್ಬ ಬಂದು ಬರೆಯುವ ಹಳೆಯ ರೂಢಿಯನ್ನು ಅಚ್ಚಿನ ಕಾಲದ ಕನ್ನಡ ಸಾಹಿತ್ಯ ಕೈಬಿಟ್ಟಿತು. ರನ್ನನಿಗೂ ತಿಮ್ಮಣ್ಣನಿಗೂ ಇದ್ದ ಆ ಸಲುಗೆ ‘ಮಹಾಸಂಪರ್ಕ’ದ ಓದುಗನಿಗೆ ಸಿಗಲಿಲ್ಲ. ಮನೆಗಳಲ್ಲಿ ಉಳಿದಿರುವ ಹೊಲಿದ ಧಾರಾವಾಹಿ ಪ್ರತಿಗಳು, ಪತ್ರಿಕಾ ಕಚೇರಿಗಳಿಗೆ ಬಂದ ಕಾಗದಗಳು, ಹಳೆಯ ಗ್ರಂಥಾಲಯಗಳ ಅಂಚಿನ ಬರಹಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೋ ಈಗಲೇ ಸಂಗ್ರಹಿಸತೊಡಗಿದರೆ, ಓದುಗರು ಮನಸ್ಸಿನಲ್ಲೇ ಮುಂದುವರಿಸಿದ ಕತೆಗಳು ಯಾವುವು ಎಂಬುದಾದರೂ ತಿಳಿದೀತು. ಅಂಥ ಕೆಲಸಕ್ಕೆ ಹರದೇಶಿ–ನಾಗೇಶಿಯ ಹಾಡುಗಾರರನ್ನೂ ಕರೆದು ಕೂಡಿಸಿಕೊಳ್ಳಬೇಕು. ಕೇಳುಗರು ಯಾವ ಜಾಗದಲ್ಲಿ ತಕರಾರು ಎತ್ತುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಸಿಗುವುದು ಕಷ್ಟ.