ಕೆರಾ, ಫರಸಿ ಮತ್ತ ಅಂಗಾಲಿನ ತಗ್ಗು

ನಮ್ಮ ಯಲಬುರ್ಗಾ ಸೀಮ್ಯಾಗ ಕಾಲಿಗೆ ಹಾಕ್ಕೊಳ್ಳೋದಕ್ಕ ಎಷ್ಟ ಹೆಸರು ಅದಾವ ನೋಡ್ರಿ. ಕೆರಾ, ಮೆಟ್ಟು, ಕಾಲ್ಮರಿ, ಜೋಡು, ಪಾಪೋಸು, ಚಪ್ಲಿ. ಇದ್ರಾಗ ಕೆರಾ ಅನ್ನೋದು ಬಾಳ ಹಳೀದು. ಹಳಗನ್ನಡದಾಗ ಅದು ‘ಕೆರ್ಪು’. ತಮಿಳರ ‘ಚೆರುಪ್ಪು’, ತೆಲುಗರ ‘ಚೆಪ್ಪು’ ಇದರ ಅಕ್ಕತಂಗೇರು. ಪಾಪೋಸು ಪಾರ್ಸಿ ಮಾತು; ‘ಪಾ’ ಅಂದ್ರ ಕಾಲು, ‘ಪೋಶ್’ ಅಂದ್ರ ಮುಚ್ಚೋದು. ನಿಜಾಮರ ಆಳ್ವಿಕಿ ಇದ್ದ ಸೀಮಿ ನಮ್ದು, ಅಂಥಾ ಮಾತು ಉಳದದ್ದು ದೊಡ್ಡದೇನಲ್ಲ. ಇಷ್ಟ ಹೆಸರಿದ್ರೂ ಅಂಗಾಲಿನ ನಡುವಿನ ತಗ್ಗಿಗೆ ಆಸರ ಕೊಡೋ ಚಪ್ಲಿಗೆ ಮಾತ್ರ ನಮ್ಮಲ್ಲಿ ಒಂದು ಹೆಸರಿಲ್ಲ. ಅಂಗಡಿಗೆ ಹೋಗಿ ‘ಡಾಕ್ಟರ್ ಚಪ್ಲಿ ಕೊಡ್ರಿ’ ಅಂತೀವಿ, ಅಷ್ಟ.

ಇದನ್ನ ಯಾಕ ತಗದೆ ಅಂದ್ರ, ನಮ್ಮವ್ವಗ ಎರಡು ವರ್ಷ ಆತು ಹಿಂಬಡ ನೋವು. ಮುಂಜಾನೆದ್ದು ಹಾಸಿಗಿ ಬಿಟ್ಟು ಮೊದಲ ಹೆಜ್ಜಿ ಇಡೂಮುಂದ ಮೊಳಿ ಚುಚ್ಚಿದಂಗ ಆಗತೈತಿ ಅಂತಾಳ. ನಾಕು ಹೆಜ್ಜಿ ಅಡ್ಡಾಡಿದ್ರ ಕಡಿಮಿ, ಸಂಜಿಗೆ ಮತ್ತ ಸುರು. ಓಣ್ಯಾಗ ಕೇಳಿದ್ರ ಮನಿಗೊಬ್ಬಾಕಿ ಇದನ್ನ ಹೇಳ್ತಾಳ. ‘ಹಿಂದಿನವ್ರು ಗಟ್ಟಿ ಇದ್ರು, ಉಂಡದ್ದು ಜ್ವಾಳ, ಅದಕ್ಕ ಅವರಿಗೆ ಇದೆಲ್ಲಾ ಇರಲಿಲ್ಲ’ ಅಂತ ಹಿರ್ಯಾರು ಒಂದ ಮಾತಿನ್ಯಾಗ ಮುಗಿಸಿಬಿಡ್ತಾರ. ನನಗ ಆ ಮಾತು ಪೂರಾ ಒಪ್ಪಿಗಿ ಇಲ್ಲ. ಜ್ವಾಳ ನಾವೂ ಉಣ್ತೀವಿ. ಬದಲಾಗಿದ್ದು ಬ್ಯಾರೆ ಏನೋ ಐತಿ, ಅದು ಕಾಲ ಕೆಳಗ ಐತಿ.

ಮೊದಲು ಪಾದ ಹೆಂಗೈತಿ ನೋಡೂಣು. ಒಂದು ಪಾದದಾಗ 26 ಎಲುಬು. ಅವು ಸಪಾಟ ಕುಂತಿಲ್ಲ, ಕಮಾನಿನಂಗ ಬಾಗಿ ಕುಂತಾವ. ಹಿಂಬಡದಿಂದ ಬಟ್ಟಿನ ಬುಡದ ತನಕ ಒಂದು ಗಟ್ಟಿ ನಾರಿನ ಪಟ್ಟಿ, ಬಿಲ್ಲಿಗೆ ಹೆದಿ ಕಟ್ಟಿದಂಗ, ಆ ಕಮಾನನ್ನ ಹಿಡದಿರತೈತಿ. ಮೈಭಾರ ಬಿದ್ದಾಗ ಕಮಾನು ಚೂರು ಇಳೀತೈತಿ, ಕಾಲು ಎತ್ತಿದಾಗ ಏರತೈತಿ. ದಿನಾ ತಾಸಗಟ್ಲೆ ಬಿರುಸು ನೆಲದ ಮ್ಯಾಲ ನಿಂತ್ರ, ಮೈಭಾರ ಹೆಚ್ಚಾದ್ರ, ವಯಸ್ಸಾದ್ರ ಆ ಪಟ್ಟಿ ಹಿಂಬಡಕ್ಕ ಕೂಡೋ ಜಾಗದಾಗ ನೋವು ಸುರು ಆಗತೈತಿ. ರಾತ್ರಿ ಮಲಗಿದಾಗ ಅದು ಬಿಗೀತೈತಿ, ಮುಂಜಾನೆ ಒಮ್ಮೆಲೆ ಜಗ್ಗಿದಂಗ ಆಗತೈತಿ. ಅವ್ವನ ಮೊದಲ ಹೆಜ್ಜಿಯ ಮೊಳಿ ಅದು.

ಈಗ ನೆಲದ ಮಾತು. ನಮ್ಮ ಆಯಿ ಸಂಸಾರ ಮಾಡಿದ ಮನ್ಯಾಗ ಮಣ್ಣಿನ ನೆಲ. ಅದಕ್ಕ ಸಗಣಿ ಸಾರಿಸಿರತಿದ್ರು, ಕಾಲಿಟ್ರ ತಂಪು, ಚೂರು ಮೆತ್ತಗ. ಆಮ್ಯಾಲ ಶಹಾಬಾದಿ ಫರಸಿ ಬಂತು. ತೊಳ್ಯಾಕ ಹಗುರ, ಧೂಳಿಲ್ಲ, ಹೆಣ್ಮಕ್ಕಳಿಗೆ ಸಾರ್ಸೋ ಕೆಲಸ ತಪ್ಪಿತು, ಬಾಳ ಖುಷಿ ಪಟ್ರು. ಈಗ ಟೈಲ್ಸು. ಇದಕ್ಕಿಂತ ದೊಡ್ಡ ಬದಲಾವಣಿ ಒಲೀದು. ಆಯಿ ಒಲಿ ಮುಂದ ಕುಂತು ರೊಟ್ಟಿ ಬಡೀತಿದ್ಲು. ಹೊಗಿ ಕುಡದು ಕಣ್ಣು ಹಾಳಾದ್ವು, ಅದು ಖರೆ, ಆ ಒಲಿ ತಿರುಗಿ ಬರ್ಲಿ ಅಂತ ನಾ ಅನ್ನೂದಿಲ್ಲ. ಆದ್ರ ಗ್ಯಾಸ್ ಬಂದ ಮ್ಯಾಲ ಒಲಿ ಕಟ್ಟಿ ಏರಿತು, ಕುಂತಾಕಿ ನಿಂತಳು. 2016ರಾಗ ಉಜ್ವಲಾ ಯೋಜನಾ ಸುರುವಾದ ಮ್ಯಾಲ ಹಳ್ಳಿ ಹಳ್ಳಿಗೂ ಇದು ಮುಟ್ಟಿತು. ಹತ್ತು ಮಂದಿಗೆ ರೊಟ್ಟಿ ಬಡ್ಯೋದಂದ್ರ ಎರಡು ತಾಸು ಬಿರುಸು ಫರಸಿ ಮ್ಯಾಲ, ಬರಿಗಾಲಿನ್ಯಾಗ. ಹೊಲಕ್ಕ ಹೋಗೂಮುಂದ ಚಪ್ಲಿ ಐತಿ, ಸಂತಿಗೆ ಹೋಗೂಮುಂದ ಐತಿ, ಅಡಿಗಿಮನ್ಯಾಗ ಇಲ್ಲ. ಚಪ್ಲಿ ಹೊಸ್ತಿಲ ದಾಟಬಾರದು. ಎರಿ ಹೊಲ ಮೆತ್ತಗಿರತೈತಿ, ಅಲ್ಲೆ ಚಪ್ಲಿ. ಕಲ್ಲು ಹಾಸಿದ ಮನ್ಯಾಗ ಬರಿಗಾಲು. ಉಲ್ಟಾ ಆಗೇತಿ ನೋಡ್ರಿ ಲೆಕ್ಕ.

ಇನ್ನ ಕೆರಾ. ಊರಿನ ಸಮಗಾರ ಅಣ್ಣಗಳು ಆಯಗಾರರಾಗಿದ್ರು. ಒಕ್ಕಲುತನದ ಮನಿಗೆ ಬೇಕಾದ ಬಾರುಕೋಲು, ಮಿಣಿ, ಬಾವಿಯ ಕಪಲಿ ಚೀಲ, ಕೆರಾ ಎಲ್ಲಾ ಅವ್ರೇ ಮಾಡಿ ಕೊಡೋರು. ಸುಗ್ಗ್ಯಾಗ ಕಣಕ್ಕ ಬಂದು ಆಯದ ಜ್ವಾಳ ತಗೊಂಡ ಹೋಗೋರು. ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದಾ ಮಾಡಿದ ಚರ್ಮ. ಕಾಲು ನೆಲದ ಮ್ಯಾಲ ಇಡಿಸಿ ಅಳತಿ ತಗೊಂಡು, ಆ ಮನಷ್ಯಾಗ ಅಂತ್ಲೇ ಹೊಲಿಯೋದು. ಹೊಸಾ ಕೆರಾ ಕಚ್ಚತಿದ್ವು, ಔಡಲೆಣ್ಣಿ ತಿಕ್ಕಿ ನೆನಿಸಿಡಬೇಕು. ನಾಕು ದಿನ ಕಚ್ಚಿ ಆದ ಮ್ಯಾಲ ಅಟ್ಟೆ ಚರ್ಮದ ಮ್ಯಾಲ ಅವನ ಪಾದದ ತಗ್ಗು ದಿಣ್ಣಿ ಎಲ್ಲಾ ಮೂಡ್ತಿದ್ವು. ಒಬ್ಬನ ಕೆರಾ ಇನ್ನೊಬ್ಬಗ ಕೂಡ್ತಿರಲಿಲ್ಲ. ಆಸರ ಅಂತ ಬ್ಯಾರೆ ಇಡ್ತಿರಲಿಲ್ಲ. ಸಪಾಟ ಅಟ್ಟೆನ ಕಾಲು ತನಗ ಬೇಕಾದಂಗ ಒತ್ತಿ ಮಾಡಿಕೊಳ್ತಿತ್ತು. ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರ ಜಿಲ್ಲಾದಾಗ ಈ ವಿದ್ಯಾ ಕೊಲ್ಹಾಪುರಿ ಅನ್ನೋ ಹೆಸರಿನ್ಯಾಗ ಇನ್ನೂ ಜೀವ ಹಿಡದೈತಿ; ಅಥಣಿ, ನಿಪ್ಪಾಣಿ ಕಡೆ ಮನಿಮಂದೆಲ್ಲಾ ಕೂಡಿ ಮಾಡ್ತಾರ. 2025ರ ಜೂನಿನ್ಯಾಗ ಇಟಲಿಯ ಪ್ರಾಡಾ ಕಂಪನಿ ಇದರಂಥಾದ್ದೇ ಚಪ್ಲಿ ಮಿಲಾನಿನ ಫ್ಯಾಶನ್ ಶೋದಾಗ ಹೆಸರ ಹೇಳ್ದ ತೋರಿಸಿ ಬೈಸಿಕೊಂಡದ್ದು ಪೇಪರ್‌ನ್ಯಾಗ ನೀವೂ ಓದಿರಬೇಕು.

ಆದ್ರ ಕೆರಾದ ಚರಿತ್ರಿ ಬರೀ ಆರಾಮದ ಚರಿತ್ರಿ ಅಲ್ಲ. ಇನ್ನೊಬ್ಬರ ಕಾಲು ಸುಡಬಾರದಂತ ಕೆರಾ ಹೊಲದವ್ರು ತಾವು ಮೆಟ್ಟಿಕೊಂಡು ಮ್ಯಾಲಿನವರ ಓಣ್ಯಾಗ ಹೋಗಂಗಿರಲಿಲ್ಲ. ಬಿಚ್ಚಿ ಕೈಯಾಗ ಹಿಡಕೊಂಡು ಹೋಗಬೇಕು, ಬ್ಯಾಸಗಿ ನೆಲ ಕಾದಿರಲಿ, ಜಾಲಿಮುಳ್ಳು ಬಿದ್ದಿರಲಿ. ಹನ್ನೆರಡನೇ ಶತಮಾನದ ಕಲ್ಯಾಣದ ಸಮಗಾರ ಹರಳಯ್ಯನ ಕತಿ ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಬಸವಣ್ಣ ತನ್ನ ಶರಣಿಗೆ ಎರಡು ಸಲ ಶರಣು ಅಂದದ್ದು ಹರಳಯ್ಯಗ ತೀರಿಸಲಾಗದ ಋಣ ಅನಿಸಿ, ಗಂಡ ಹೆಂಡ್ತಿ ಇಬ್ಬರೂ ತಮ್ಮ ತೊಡಿ ಚರ್ಮ ತಗದು ಪಾದರಕ್ಷೆ ಹೊಲಿದ್ರಂತ. ಬಸವಣ್ಣ ಅವನ್ನ ಮೆಟ್ಟಲಿಲ್ಲ, ತಲಿ ಮ್ಯಾಲ ಇಟ್ಟುಕೊಂಡ. ಮುಂದ ಹರಳಯ್ಯನ ಮಗಗೂ ಮಧುವರಸನ ಮಗಳಿಗೂ ಮದಿವಿ ಆಗಿ, ಕಲ್ಯಾಣ ಹೊತ್ತಿ ಉರೀತು. ಆ ಕತಿ ಹೇಳಿ ಕಣ್ಣೀರು ಹಾಕೋ ಊರಾಗೇ ಕೆರಾ ಕೈಯಾಗ ಹಿಡ್ಸಿದ್ರು ಅನ್ನೋದನ್ನೂ ಹೇಳಬೇಕು. 1989ರ ದೌರ್ಜನ್ಯ ತಡೆ ಕಾಯ್ದಿಗೆ 2015ರಾಗ ತಿದ್ದುಪಡಿ ತಂದಾಗ, ಪರಿಶಿಷ್ಟರು ಸಾರ್ವಜನಿಕ ಜಾಗದಾಗ ಪಾದರಕ್ಷೆ ಹಾಕ್ಕೊಳ್ಳೋದಕ್ಕ ಅಡ್ಡಿ ಮಾಡಿದ್ರ ಅದು ಅಪರಾಧ ಅಂತ ಅಕ್ಷರದಾಗ ಬರೀಬೇಕಾತು. ಮೊನ್ನೆ ಮೊನ್ನಿನ ಮಾತು ಇದು.

ಹೆಣ್ಮಕ್ಕಳದೂ ಇದರ ನೆಳ್ಳಿನ್ಯಾಗಿನ ಕತಿ. ಸೊಸಿ ಆದಾಕಿ ಮಾವನ ಮುಂದ, ಅಗಸಿ ಕಟ್ಟಿಮ್ಯಾಲ ಹಿರ್ಯಾರು ಕುಂತಲ್ಲಿ ಚಪ್ಲಿ ಮೆಟ್ಟಿ ಹಾಯಬಾರದು. ಆಯಿ ತನ್ನ ಮೊದಲ ಚಪ್ಲಿ ಹಾಕಿದ್ದು ಮೂರು ಮಕ್ಕಳಾದ ಮ್ಯಾಲಂತ. ಅವು ಟಾಯರ್ ಚಪ್ಲಿ, ಮುದುಕಿ ಸಾಯೂತನ ಹರೀಲಿಲ್ಲ.

ಕಂಪನಿ ಚಪ್ಲಿ ಕೂಡ ನಂಬರು ಬಂತು. ಜೆಕೊಸ್ಲೊವಾಕಿಯಾದ ಬಾಟಾ ಕಂಪನಿ 1930ರ ದಶಕದ ಸುರುವಿಗೆ ಕಲ್ಕತ್ತಾ ಹತ್ರ ಕೆಲಸ ಹೂಡಿ ಬಾಟಾನಗರ ಅಂತ ಊರನ್ನೇ ಕಟ್ಟಿತು. ಅಂಗಡ್ಯಾಗ ನಾವು ‘ಆರು ನಂಬರು, ಏಳು ನಂಬರು’ ಅಂತೀವಲ್ಲ, ಅದು ಇಂಗ್ಲಿಷರ ಲೆಕ್ಕ. ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೇ ಒಂದು ಪಾಲು ಫರಕು, ಅಂದ್ರ ಒಂದು ಜವೆ ಕಾಳಿನ ಉದ್ದ. ಜ್ವಾಳದ ಸೀಮಿ ಕಾಲನ್ನ ಜವೆ ಕಾಳಿನ್ಯಾಗ ಅಳದಂಗ ಆತು! ಆ ನಂಬರು ಉದ್ದ ಅಷ್ಟ ಹೇಳ್ತೈತಿ. ಅಗಲ ಎಷ್ಟು, ತಗ್ಗು ಎಷ್ಟು ಅಂತ ಹೇಳೂದಿಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಕೊನಿಗೆ ಸುರು ಮಾಡಿ ದೇಶದ 79 ಕಡೆ ಲಕ್ಷಕ್ಕೂ ಮಿಕ್ಕಿ ಮಂದಿ ಕಾಲು ಅಳದ್ರು. ನಮ್ಮ ಮಂದಿ ಪಾದ ಯುರೋಪಿನವರಕಿಂತ ಅಗಲ ಅಂತ ಗೊತ್ತಾತು. ಅದರ ಮ್ಯಾಲ ‘ಭಾ’ ಅನ್ನೋ ಹೆಸರಿನ ನಮ್ಮದೇ ಅಳತಿ ತಯಾರ ಮಾಡ್ಯಾರ. ಸಮಗಾರ ಅಣ್ಣಗ ಮಾತ್ರ ಇದು ಮೊದಲೇ ಗೊತ್ತಿತ್ತು.

ಇನ್ನೊಂದು ಅಳತಿ ನಮ್ಮ ಕರಾವಳ್ಯಾಗ ಆಗೇತಿ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಯು. ಬಿ. ರಾವ್ ಮತ್ತ ಬೆಂಜಮಿನ್ ಜೋಸೆಫ್ ಅನ್ನೋ ಡಾಕ್ಟರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜಿ ಗುರ್ತು ತಗದು 1992ರಾಗ ಪ್ರಕಟ ಮಾಡಿದ್ರು. ಕಾಲಿಗೆ ಹಾಕ್ಕೊಳ್ಳೋ ಮಕ್ಕಳಾಗ ನೂರಕ್ಕ 8.6 ಮಂದಿಗೆ ಸಪಾಟ ಪಾದ. ಬರಿಗಾಲಿನ ಮಕ್ಕಳಾಗ 2.8. ಮುಂದ ಮುಚ್ಚಿದ ಬೂಟು ಹಾಕೋರಾಗ ಎಲ್ಲಾರಕಿಂತ ಹೆಚ್ಚು, ಚಪ್ಲಿಯವರಾಗ ಅದಕ್ಕಿಂತ ಕಡಿಮಿ. ಇದನ್ನ ಜಗತ್ತಿನ ಎಲುಬಿನ ಡಾಕ್ಟರು ಇವತ್ತಿಗೂ ಎತ್ತಿ ಹೇಳ್ತಾರ. ಹಂಗಂತ ಸಪಾಟ ಪಾದ ಅಂದ್ರ ರೋಗ ಅಂತಲ್ಲ, ಎಷ್ಟೋ ಮಂದಿಗೆ ಏನೂ ತ್ರಾಸ ಇರೂದಿಲ್ಲ. ಕನ್ಯಾ ನೋಡಾಕ ಬಂದವ್ರು ಪಾದ ನೋಡಿ ಮೂಗು ಮುರ್ಯೋದನ್ನ ಇನ್ನಾದ್ರೂ ಬಿಡಬೇಕು. ಮೂರು ವರ್ಷದ ಕೂಸಿಗೆ ಬಿಗಿ ಬೂಟು ಹಾಕಿ ಶಾಲಿಗೆ ಕಳ್ಸೋದು ಮಾತ್ರ ಜಾಣತನ ಅಲ್ಲ ಅಂತ ನನಗನಸ್ತೈತಿ.

ಅವ್ವಗ ಡಾಕ್ಟರು ಬರಕೊಟ್ಟದ್ದು ‘ಎಂಸಿಆರ್ ಚಪ್ಲಿ’. ಮೈಕ್ರೋಸೆಲ್ಯುಲರ್ ರಬ್ಬರ್, ಒಳಗೆಲ್ಲಾ ಸಣ್ಣ ಸಣ್ಣ ಗಾಳಿಗುಳ್ಳಿ ಇರೋ ರಬ್ಬರು. ಇದರ ಬೇರು ಹುಡುಕ್ಕೊಂತ ಹೋದ್ರ ವೆಲ್ಲೂರು ಸಿಗತೈತಿ. ಪಾಲ್ ಬ್ರಾಂಡ್ ಅನ್ನೋ ಡಾಕ್ಟರು 1946ರಾಗ ಅಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲು ನೋಡಾಕ ಹತ್ತಿದ್ರು. ಅವರ ಪಾದ ರೋಗದಿಂದ ತಾನಾಗೇ ಕೊಳೀತಾವ ಅಂತ ಎಲ್ಲಾರೂ ನಂಬಿದ್ರು. ಹಂಗಲ್ಲ, ಕಾಲಿಗೆ ಅರಿವು ಇರೂದಿಲ್ಲ, ಒಂದ ಜಾಗದಾಗ ಭಾರ ಬಿದ್ದು ಬಿದ್ದು ಹುಣ್ಣಾಗತೈತಿ ಅಂತ ಅವ್ರು ತೋರಿಸಿದ್ರು. ಆ ಭಾರನ ಪಾದದ ತುಂಬಾ ಹಂಚೋ ಚಪ್ಲಿ ಬೇಕಾತು. ವೆಲ್ಲೂರು ಮತ್ತ ಅದರ ಹತ್ರದ ಕರಿಗಿರಿ ದವಾಖಾನ್ಯಾಗ ಈ ರಬ್ಬರಿನ ಚಪ್ಲಿ ಬೆಳೀತು. ಈಗ ಸಕ್ಕರಿ ಬ್ಯಾನಿಯವರೂ, ಹಿಂಬಡ ನೋವಿನವರೂ ಅದನ್ನೇ ಹಾಕ್ತಾರ. ಒಂದು ಕಾಲದಾಗ ಈ ಚಪ್ಲಿ ನೋಡಿದ್ರ ಮಂದಿ ದೂರ ಸರೀತಿದ್ರು. ಈಗ ಅಂಗಡಿಯವ ‘ತಗೋರಿ ಅಕ್ಕಾರ, ಬಾಳ ಮೆತ್ತಗ ಅದಾವ’ ಅಂತ ನಗ್ತ ಕೊಡ್ತಾನ.

ಮೆತ್ತಗಿದ್ರ ಸಾಲೂದಿಲ್ಲ, ಅದನ್ನ ಹೇಳಬೇಕು. ಬಟ್ಟಿಲೆ ಒತ್ತಿದ್ರ ಗಾದಿಯಂಗ ಒಳಗ ಹೋಗಿಬಿಡೋ ಚಪ್ಲಿ ಕಮಾನನ್ನ ಹಿಡ್ಯೂದಿಲ್ಲ, ತಾನೂ ಕುಸೀತೈತಿ. ಚಪ್ಲಿ ಎರಡೂ ತುದಿ ಹಿಡದು ಬಗ್ಗಿಸಿದ್ರ ಬಟ್ಟಿನ ಬುಡದಾಗ ಬಗ್ಗಬೇಕು, ನಡುವ ಮಡಚಬಾರದು. ಹಿಂಬಡ ಕೂಡೋ ಜಾಗ ಬಟ್ಟಲದಂಗ ಚೂರು ತಗ್ಗಿರಬೇಕು. ಕೊಳ್ಳಾಕ ಸಂಜೀಮುಂದ ಹೋಗ್ರಿ, ಹೊತ್ತು ಏರಿದಂಗ ಕಾಲು ಚೂರು ಬಾತಿರತಾವ. ನಿಮ್ಮ ಪಾದ ಹೆಂಗೈತಿ ತಿಳ್ಕೊಳ್ಳಾಕ ಕಾಲು ತೊಯ್ಸಿ ಒಣಾ ಫರಸಿ ಮ್ಯಾಲ ಹೆಜ್ಜಿ ಇಟ್ಟು ನೋಡ್ರಿ. ಗೋಕುಲಾಷ್ಟಮಿಗೆ ಮುಷ್ಟಿ ಅದ್ದಿ ಕೃಷ್ಣನ ಹೆಜ್ಜಿ ಒತ್ತತೀವಲ್ಲ, ಅದರ ಒಳಮಗ್ಗಲು ಬಾಗಿರತೈತಿ. ಹಂಗ ಬಾಗಿದ್ರ ತಗ್ಗು ಐತಿ. ಪೂರಾ ಪಾದ ಮೂಡಿದ್ರ ಸಪಾಟ.

ಎಂಸಿಆರ್ ತಂದಾತು, ಅವ್ವನ ನೋವು ಹೊರಗ ಕಡಿಮಿ ಆತು, ಒಳಗ ಆಗಲಿಲ್ಲ. ಯಾಕಂದ್ರ ಅದೂ ಹೊಸ್ತಿಲಾಚೆ. ಅಡಿಗಿಮನ್ಯಾಗ ಹಾಕ್ಕೊ ಅಂದ್ರ ‘ಅನ್ನಪೂರ್ಣಿ ಇರೋ ಜಾಗ ಅದು, ನಿನಗ ತಿಳೀತಾ ಇಲ್ಲೋ?’ ಅಂತ ಬೈದ್ಲು. ಕಡೀಕ ಹೊರಗ ಒಮ್ಮೆಯೂ ಮೆಟ್ಟದ ಇನ್ನೊಂದು ಜೋಡಿ ತಂದ್ವಿ. ಅದಕ್ಕ ಚಪ್ಲಿ ಅನ್ನಬಾರದು ಅಂತ ಆಕೀದ ಕರಾರು. ‘ಮನಿ ಕಾಲ್ಮರಿ’ ಅಂತಾಳ. ರೊಟ್ಟಿ ಬಡ್ಯೂಮುಂದ ಮೆಟ್ಟತಾಳ, ಜಗಲಿ ದೇವರಿಗೆ ದೀಪ ಹಚ್ಚೂಮುಂದ ಬಿಚ್ಚತಾಳ. ಬಾಜೂ ಮನಿ ಅತ್ತಿಗಿ ಮೊನ್ನೆ ಬಂದಾಕಿ ಅದರ ನಂಬರು ಎಷ್ಟು ಅಂತ ಕೇಳಿಕೊಂಡು ಹೋದ್ಲು.